ಚಿನ್ನಪ್ಪನ ಸರದಿ

ನಾನು ನಂಬುವವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನದನ್ನು ಓದಿ ನೀವು ನನ್ನನ್ನು ಬೇರೆಯವರ ಗುಂಪಿಗೆ ಸೇರಿಸಿಬಿಡುತ್ತೀರಿ. ನಮ್ಮ ಕಡೆ ಸತ್ತವರ ಪ್ರೇತಕ್ಕೆ ಕುಲೆ ಎನ್ನುತ್ತಾರೆ. ಊಟವಾಗಿ ಎಲೆ ಅಡಿಕೆ ತಟ್ಟೆ ಹೊರಗೆ ಬಂತೆಂದರೆ, ಯಾರಾದರೊಬ್ಬರು ಕುಲೆಯ ಮಾತು ತೆಗೆದೇ ತೆಗೆಯುತ್ತಾರೆ. ಆಗ ಎದ್ದು ಅಂಗಳಕ್ಕೆ ಹೋಗುವವನು ನಾನು. ಇವರಿಗೆ ಗಣಿತ ತಲೆಗೇರಿದೆ ಎಂದು ನನ್ನ ಹೆಂಡತಿ ಹೇಳುವುದು ಎಷ್ಟೋ ಸಲ ಕಿವಿಗೆ ಬಿದ್ದಿದೆ. ನಂಬದಿರುವುದರಲ್ಲಿ ನನಗೊಂದು ಜಂಬವೂ ಇತ್ತು. ಆ ಜಂಬ ಈಗ ಉಳಿದಿಲ್ಲ. ಹಾಗೆಂದು ನಂಬಿಕೆಯೂ ಬಂದಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಸುಳ್ಯದ ಒಂದು ಕಾಲೇಜಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಕಾಲೇಜಿಗೆ ಕಂಪ್ಯೂಟರ್ ಬಂತು. ಅದನ್ನು ನೋಡಿಕೊಳ್ಳುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಗಣಿತದವರ ಕುತ್ತಿಗೆಗೆ ಕಟ್ಟಿದರು. ಇಡೀ ಕಾಲೇಜಿನಲ್ಲಿ ತಂಪು ಮಾಡುವ ಯಂತ್ರ ಇದ್ದ ಕೋಣೆ ಅದೊಂದೇ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಆಯುಧಪೂಜೆಯ ದಿನ ನಮ್ಮ ಜವಾನ ಪರದೆಯ ನಟ್ಟನಡುವೆ ಗಂಧ ಹಚ್ಚಿಬಿಟ್ಟಿದ್ದ. ಅದನ್ನು ಒರೆಸಿದರೂ ಬಹಳ ದಿನ ಅಕ್ಷರಗಳ ಹಿಂದೆ ಒಂದು ಮಸುಕು ಬೊಟ್ಟು ಕಾಣುತ್ತಿತ್ತು.

ಬೆಂಗಳೂರಿನ ಸ್ನೇಹಿತರೊಬ್ಬರು ಒಮ್ಮೆ ಬರುವಾಗ ಒಂದು ಹೊಸ ಭಾಷೆಯನ್ನು ಫ್ಲಾಪಿಯಲ್ಲಿ ತಂದುಕೊಟ್ಟರು. ಸಿ ಎಂಬ ಭಾಷೆ ನಮಗೆ ಅಷ್ಟಿಷ್ಟು ಗೊತ್ತಿತ್ತು. ಇದು ಅದರ ಬಾಲಕ್ಕೆ ಎರಡು ಕೂಡಿಸುವ ಗುರುತು ಹಚ್ಚಿಕೊಂಡ ಸಿ ಪ್ಲಸ್ ಪ್ಲಸ್. ಹಳೆಯ ಭಾಷೆಗಳಲ್ಲಿ ವಿವರ ಒಂದು ಕಡೆ, ಆ ವಿವರದಿಂದ ಕೆಲಸ ಮಾಡಿಸುವ ಸೂತ್ರ ಇನ್ನೊಂದು ಕಡೆ. ಇದರಲ್ಲಿ ಎರಡನ್ನೂ ಸೇರಿಸಿ ಒಂದೊಂದು ವಸ್ತುವಾಗಿ ಕಟ್ಟುತ್ತಾರೆ. ಒಬ್ಬ ವ್ಯಕ್ತಿಯ ವಸ್ತು ಮಾಡಿಟ್ಟರೆ ಅದಕ್ಕೆ ತನ್ನ ಹೆಸರು ಗೊತ್ತು, ಹುಟ್ಟಿದ ವರ್ಷ ಗೊತ್ತು, ನಿನ್ನ ವಯಸ್ಸೆಷ್ಟು ಎಂದು ಕೇಳಿದರೆ ತಾನೇ ಲೆಕ್ಕ ಹಾಕಿ ಹೇಳುತ್ತದೆ. ನನಗೆ ಇದರ ಹುಚ್ಚು ಹಿಡಿಯಿತು. ಕಾಲೇಜಿನ ಮಕ್ಕಳಿಗೂ ಹಿಡಿಸಬೇಕೆಂದು ಹೊರಟೆ.

ಅವರಿಗೆ ಕಷ್ಟವಾದದ್ದು ಕ್ರಮದಲ್ಲಿರುವ ಸಂಗ್ರಹ. ನಾನು ಅದನ್ನು ಊಟದ ಪಂಕ್ತಿಯಾಗಿ ಹೇಳಿಕೊಡುತ್ತಿದ್ದೆ. ಈ ಪಂಕ್ತಿಯಲ್ಲಿ ಹಿರಿಯರಿಂದ ಕಿರಿಯರವರೆಗೆ ವಯಸ್ಸಿನ ಪ್ರಕಾರ ಕೂರಬೇಕು. ಹೊಸಬನೊಬ್ಬ ಬಂದರೆ ಕೊನೆಯಲ್ಲಿ ಕೂರುವ ಹಾಗಿಲ್ಲ, ತನಗಿಂತ ದೊಡ್ಡವನ ಮತ್ತು ಚಿಕ್ಕವನ ನಡುವೆ ಜಾಗ ಮಾಡಿಕೊಂಡು ಕೂರಬೇಕು. ಪ್ರತಿಯೊಬ್ಬನಿಗೂ ತನ್ನ ಪಕ್ಕದವ ಯಾರೆಂದು ಗೊತ್ತಿರುತ್ತದೆ. ಇನ್ನು ಲೂಪ್ ಎಂದರೆ ಅನ್ನದ ಪಾತ್ರೆ ಹಿಡಿದು ಬಡಿಸುವವ. ಅವನು ಪಂಕ್ತಿಯ ತಲೆಯಿಂದ ಹೊರಟು ಕೊನೆಯವರೆಗೆ ಹೋಗುತ್ತಾನೆ, ಒಂದೊಂದು ಎಲೆಯ ಮುಂದೆಯೂ ನಿಲ್ಲುತ್ತಾನೆ. ನಿಲ್ಲದೆ ಮುಂದೆ ಹೋಗುವ ಸ್ವಾತಂತ್ರ್ಯ ಅವನಿಗಿಲ್ಲ.

ಆ ಸಮಯದಲ್ಲಿ ಪುತ್ತೂರಿನಿಂದ ಕುಂಞಣ್ಣ ಮಾವ ಬಂದರು. ನನ್ನ ತಾಯಿಯ ತಮ್ಮ. ಅವರ ಮಗಳು ಸುಮತಿಗೆ ಗಂಡು ಗೊತ್ತಾಗುವುದು, ಮಾತುಕತೆ ಮುರಿದುಬೀಳುವುದು, ಹೀಗೇ ನಡೆದು ಮಾವ ಸೋತುಹೋಗಿದ್ದರು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದಾಗ ಅಕ್ಕನ ಮದುವೆ ಆಗದೆ ತಂಗಿಯದು ಆಗುವುದಿಲ್ಲ ಎಂದು ಬಂತಂತೆ. ಅಕ್ಕ ಎಂದರೆ ಯಮುನಾ. ಅಂಬೆಗಾಲಿಡುವಾಗಲೇ ಜ್ವರ ಬಂದು ತೀರಿಕೊಂಡ ಮಗು. ಹೊರಗಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಮದುವೆಯಾಗದೆ ಸತ್ತ ಮಕ್ಕಳು ಅಲ್ಲೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಅವರಿಗೂ ಸಂಸಾರ ಬೇಕೆನಿಸುತ್ತದೆ ಎಂಬುದು ನಮ್ಮವರ ನಂಬಿಕೆ. ಆದ್ದರಿಂದ ಹಾಗೆಯೇ ಸತ್ತ ಗಂಡು ಮಗುವಿನ ಮನೆ ಹುಡುಕಿ, ಬಳಿ ನೋಡಿ, ಎಂದರೆ ಕುಲದ ಕವಲು ಒಂದೇ ಅಲ್ಲವೆಂದು ಖಚಿತ ಮಾಡಿಕೊಂಡು, ಸೀರೆ, ಪಂಚೆ, ಕರಿಮಣಿ ಇಟ್ಟು ಧಾರೆ ಎರೆಯುತ್ತಾರೆ. ಬೀಗರು ಬೀಗರಾಗಿಯೇ ಉಳಿಯುತ್ತಾರೆ. ಹಬ್ಬಕ್ಕೆ ಹೋಗಿ ಬಂದು ಮಾಡುತ್ತಾರೆ.

ಮಾವ ಸುಳ್ಯ, ಕಡಬ, ಸುಬ್ರಹ್ಮಣ್ಯದ ಸುತ್ತಲೆಲ್ಲ ತಿರುಗಿ ಕೇಳಿದವರ ಬಾಯಿಂದ ಕೆಲವು ಹೆಸರು ಒಟ್ಟುಮಾಡಿದ್ದರು. ನಮ್ಮ ಮನೆಯ ಜಗಲಿಯಲ್ಲಿ ಕೂತು ಆ ಹೆಸರುಗಳನ್ನು ಬೆರಳು ಮಡಚುತ್ತಾ ಹೇಳುವಾಗ ಯಾರ ನಂತರ ಯಾರೆಂದು ತಪ್ಪಿಹೋಗಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ಕೊನೆಗೆ ನನ್ನ ಕಡೆ ತಿರುಗಿ, “ನಿನ್ನ ಪೆಟ್ಟಿಗೆಗೆ ಗಂಡು ಹುಡುಕಲಿಕ್ಕೆ ಬರ್ತದಾ ಮಾರಾಯ?” ಎಂದರು. ತಮಾಷೆಗೆ ಕೇಳಿದ್ದು. ನಾನೂ ತಮಾಷೆಗೇ ಆಗಲಿ ಎಂದೆ. ನಿಜ ಹೇಳಬೇಕೆಂದರೆ, ಅಂಕಪಟ್ಟಿ, ಸಂಬಳಪಟ್ಟಿ ಎಂದು ಒಂದೇ ಉದಾಹರಣೆ ಕೊಟ್ಟು ಕೊಟ್ಟು ನನಗೂ ಸಾಕಾಗಿತ್ತು.

ಮದುಮಗ ಎಂಬ ಹೆಸರಿನಲ್ಲೇ ವಸ್ತುವಿನ ಅಚ್ಚು ತಯಾರಿಸಿದೆ. ಹೆಸರು, ಮನೆ, ಬಳಿ, ಹುಟ್ಟಿದ ವರ್ಷ. ಈ ವರ್ಷದಿಂದ ಹುಟ್ಟಿದ ವರ್ಷ ಕಳೆದು ವಯಸ್ಸು ಹೇಳುವ ಒಂದು ಸೂತ್ರ. ಎಲ್ಲರನ್ನೂ ವಯಸ್ಸಿನ ಕ್ರಮದಲ್ಲಿ ಕೂರಿಸುವ ಸಂಗ್ರಹ. ಟೈಪು ಮಾಡಿ ಮುಗಿಸಿದ ಮೇಲೆ ಒಂದು ಸಂಗತಿ ಗಮನಕ್ಕೆ ಬಂದು ನಗು ಬಂತು. ಸತ್ತ ವರ್ಷಕ್ಕೆ ನಾನು ಜಾಗವನ್ನೇ ಇಟ್ಟಿರಲಿಲ್ಲ. ನನ್ನ ಯಂತ್ರದೊಳಗೂ ಸತ್ತ ಮಕ್ಕಳು ವರ್ಷಕ್ಕೊಂದರಂತೆ ಬೆಳೆಯುತ್ತಲೇ ಹೋಗುತ್ತಿದ್ದರು. ಇದನ್ನು ಮಾವನಿಗೆ ಹೇಳಿದಾಗ ಅವರು ನಗಲಿಲ್ಲ. ಮತ್ತೆ ಅದು ಹಾಗೆಯೇ ಅಲ್ವಾ ಎಂಬಂತೆ ನೋಡಿದರು.

ಮೊದಲ ಸಲ ಓಡಿಸಿದಾಗ ಹೆಸರುಗಳು ಒಂದರ ಕೆಳಗೊಂದು ಬಂದವು. ಕಡಬದ ಮೋನಪ್ಪ, ಕಲ್ಲುಗುಂಡಿಯ ಶೇಷಪ್ಪ, ಕೊಲ್ಲಮೊಗ್ರಿನ ಲೋಕಯ್ಯ, ಹೀಗೆ. ಯಾರದೋ ಹೆಸರು ಕಡಿಮೆ ಇದೆ ಅನ್ನಿಸಿತು. ನೋಡಿದರೆ ಮರ್ಕಂಜದ ಚಿನ್ನಪ್ಪ ಇರಲಿಲ್ಲ. ಲೋಕಯ್ಯನಿಗಿಂತ ಸ್ವಲ್ಪ ಚಿಕ್ಕವನು, ಅವನ ಮರುಸಾಲಿನಲ್ಲೇ ಬರಬೇಕಿತ್ತು. ಟೈಪು ಮಾಡಲು ಮರೆತಿದ್ದೇನೋ ಎಂದು ಹೆಸರು ಕೊಟ್ಟು ಹುಡುಕಿಸಿದೆ. ಸಿಕ್ಕಿದ. ಮನೆ, ಬಳಿ, ವರ್ಷ ಎಲ್ಲ ಸರಿಯಾಗಿದ್ದವು. ಮತ್ತೆ ಸಾಲಾಗಿ ಓಡಿಸಿದೆ. ಇಲ್ಲ.

ಈ ಕೆಲಸ ಬಲ್ಲವರಿಗೆ ಹೇಳುತ್ತೇನೆ, ನನಗೂ ಅನುಮಾನಗಳು ಬಂದವು. ಒಬ್ಬನನ್ನು ಪಂಕ್ತಿಯಿಂದ ಎಬ್ಬಿಸುತ್ತಾ ಬಡಿಸಿದರೆ ಪಕ್ಕದವನಿಗೆ ತಪ್ಪಿಹೋಗುವುದುಂಟು. ಆದರೆ ನಾನು ಯಾರನ್ನೂ ಎಬ್ಬಿಸಿರಲಿಲ್ಲ. ಇಬ್ಬರ ವಯಸ್ಸು ಒಂದೇ ಆದರೆ ಕೆಲವು ಸಂಗ್ರಹಗಳು ಒಬ್ಬನನ್ನು ಬಿಟ್ಟುಬಿಡುತ್ತವೆ. ಅವನ ವಯಸ್ಸಿನವರು ಬೇರೆ ಯಾರೂ ಇರಲಿಲ್ಲ. ಎಲ್ಲಕ್ಕಿಂತ ತಲೆ ಕೆಡಿಸಿದ್ದು ಇನ್ನೊಂದು. ಹೆಸರು ಕೊಟ್ಟು ಹುಡುಕುವಾಗಲೂ ಯಂತ್ರ ಅದೇ ಸಾಲಿನಲ್ಲೇ, ಒಬ್ಬನಿಂದ ಪಕ್ಕದವನಿಗೆ, ನಡೆದುಕೊಂಡು ಹೋಗಬೇಕು. ಹುಡುಕಲು ಹೋದಾಗ ಅಲ್ಲಿ ಇರುವವನು ಬಡಿಸಲು ಹೋದಾಗ ಎಲ್ಲಿಗೆ ಹೋಗುತ್ತಾನೆ? ಅವನನ್ನು ಅಳಿಸಿ ಮತ್ತೆ ಸೇರಿಸಿದೆ. ಹೆಸರು ಬದಲಾಯಿಸಿ ಬಾಬು ಎಂದು ಕೊಟ್ಟೆ, ಬಾಬು ಬಂದ. ತಿರುಗಿ ಚಿನ್ನಪ್ಪ ಮಾಡಿದೆ, ಬರಲಿಲ್ಲ. ಅದೇ ಪ್ರೋಗ್ರಾಮಿಗೆ ನನ್ನ ತರಗತಿಯ ಮಕ್ಕಳ ಹೆಸರು ತುಂಬಿ ನೋಡಿದರೆ ಒಬ್ಬರೂ ತಪ್ಪುತ್ತಿರಲಿಲ್ಲ.

ಕಂಪ್ಯೂಟರ್ ಕೋಣೆಯಲ್ಲಿ ಹೀಗೆ ಕೂತು ಊಟ ತಪ್ಪಿಸಿಕೊಂಡ ವಾರದಲ್ಲೇ ಮಾವ ಮತ್ತೆ ಬಂದರು. ಚಿನ್ನಪ್ಪನೊಬ್ಬ ಹೇಳಿದ ಮಾತು ಕೇಳುತ್ತಿಲ್ಲ ಎಂದೆ. ಅವರ ಮುಖ ಸ್ವಲ್ಪ ಬದಲಾಯಿತು. ಅವರು ಅವನ ಮನೆಗೇ ಹೋಗಿ ಬಂದಿದ್ದರು. ವರ್ಷ, ನಕ್ಷತ್ರ, ಬಳಿ ಎಲ್ಲ ಯಮುನಾಳಿಗೆ ಹೇಳಿ ಮಾಡಿಸಿದಂತೆ ಹೊಂದುವುದು ಅವನದೇ ಅಂತೆ. ಆದರೆ ಒಂದು ತಪ್ಪು ಆಗಿತ್ತು. ಮರ್ಕಂಜದ ಒಬ್ಬರು ಮಾವನಿಗೆ ಹೇಳಿದ್ದು ಪೂವಕ್ಕನ ಒಬ್ಬನೇ ಮಗ ಹೋದ ಎಂದು. ನಮ್ಮಲ್ಲಿ ಸತ್ತವನಿಗೂ ಹೋದ ಎನ್ನುತ್ತೇವೆ, ಮನೆ ಬಿಟ್ಟವನಿಗೂ ಹೋದ ಎನ್ನುತ್ತೇವೆ. ಸತ್ತ ಎಂಬ ಮಾತು ಬಾಯಿಂದ ಬರಬಾರದೆಂದು ನಾವೇ ಮಾಡಿಕೊಂಡ ಮರ್ಯಾದೆ ಅದು. ಚಿನ್ನಪ್ಪ ಸತ್ತದ್ದನ್ನು ಕಂಡವರು ಯಾರೂ ಇರಲಿಲ್ಲ. ಎಪ್ಪತ್ತರ ದಶಕದ ನಡುವೆ, ಮೀಸೆ ಮೂಡುವ ಪ್ರಾಯದಲ್ಲಿ, ಮರದ ಲಾರಿಯಲ್ಲಿ ಕ್ಲೀನರ್ ಆಗಿ ಸಂಪಾಜೆ ಘಾಟಿ ಹತ್ತಿದವನು. ಲಾರಿ ಹಿಂದಿರುಗಿ ಬಂತು, ಅವನು ಬರಲಿಲ್ಲ. ಚಾ ಕುಡಿಯಲು ಇಳಿದ, ಹಾರ್ನ್ ಹೊಡೆದು ಹೊಡೆದು ಸಾಕಾಯ್ತು ಎಂದು ಡ್ರೈವರ್ ಹೇಳಿದ್ದಷ್ಟೇ ಗೊತ್ತು.

ಸತ್ತದ್ದು ಖಚಿತವಿಲ್ಲದವನು ಇವನೊಬ್ಬನೇ, ಯಂತ್ರ ಬಿಟ್ಟದ್ದೂ ಇವನನ್ನೇ. ಅದನ್ನು ಕಾಕತಾಳೀಯ ಎಂದು ಕರೆದು ಸುಮ್ಮನಾದೆ. ಮಾವ ಮಾತ್ರ ಯಂತ್ರದ ವಿಷಯಕ್ಕೆ ತಲೆ ಹಾಕಲಿಲ್ಲ. ಅವರಿಗೆ ಸುಮತಿಯ ಮದುವೆಯದ್ದೇ ಯೋಚನೆ. ಅಷ್ಟು ವರ್ಷ ಸುದ್ದಿಯಿಲ್ಲದವನನ್ನು ಇಲ್ಲವೆಂದೇ ಲೆಕ್ಕ ಹಾಕಬೇಕೆಂದು ಪೂವಕ್ಕನ ಮೈದುನರು ಮೊದಲಿನಿಂದ ಹೇಳುತ್ತಿದ್ದರಂತೆ. ಪೂವಕ್ಕ ಒಪ್ಪಿರಲಿಲ್ಲ. ಈಗ ಮಾವ ಹೋಗಿ ಕೂತು ಮಾತಾಡಿದ ಮೇಲೆ ಮೆತ್ತಗಾಗಿದ್ದರು. ಅವನು ಅಲ್ಲೇ ಇದ್ದಾನೆಂದಾದರೆ ಒಂಟಿಯಾಗಿ ಯಾಕಿರಬೇಕು, ಒಂದು ಹುಡುಗಿ ಇರಲಿ ಎಂದರಂತೆ. ಶನಿವಾರ ಸುಳ್ಯಕ್ಕೆ ಬಂದು ಧಾರೆಗೆ ಬೇಕಾದ ಬಟ್ಟೆ ತೆಗೆಯುವುದೆಂದು ಮಾತಾಗಿತ್ತು.

ಆ ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟಿತ್ತು. ನಾನು ಒಬ್ಬನೇ ಕೋಣೆಯಲ್ಲಿದ್ದೆ. ಬಾಗಿಲು ತೆರೆದು ಮಾವ ಒಳಗೆ ಬಂದರು, ಅವರ ಹಿಂದೆ ಅರವತ್ತರ ಹತ್ತಿರದ ಒಬ್ಬ ಹೆಂಗಸು. ಬಿಳಿಯ ಕೂದಲು ಬಿಗಿದು ಕಟ್ಟಿ, ನೀಲಿ ಹತ್ತಿ ಸೀರೆಯ ಸೆರಗು ಹೊದ್ದುಕೊಂಡಿದ್ದರು. ಪೂವಕ್ಕ. ಕೋಣೆಯ ತಂಪಿಗೆ ಸೆರಗನ್ನು ಇನ್ನಷ್ಟು ಎಳೆದುಕೊಂಡರು. ಬಟ್ಟೆ ಅಂಗಡಿಗೆ ಹೋಗುವ ಮೊದಲು ಇಲ್ಲಿಗೆ ಕರೆದುಕೊಂಡು ಹೋಗಿ ಎಂದು ಅವರೇ ಹಟ ಹಿಡಿದರಂತೆ. ಯಂತ್ರ ತಮ್ಮ ಮಗನ ಹೆಸರು ಹೇಳುವುದಿಲ್ಲವೆಂಬುದು ಮಾವನ ಬಾಯಿ ತಪ್ಪಿ ಅವರ ಕಿವಿಗೆ ಬಿದ್ದಿತ್ತು. ಮಾವ ನನ್ನ ಕಡೆ ನೋಡಿ, ಎಂತಾದರೂ ಮಾಡಿ ಹೆಸರು ಬರುವ ಹಾಗೆ ಮಾಡು ಎಂದು ಕಣ್ಣಲ್ಲೇ ಬೇಡಿಕೊಂಡರು.

ಮನೆಮಾತು ಅರೆಭಾಷೆಯಾದರೂ ಪೂವಕ್ಕ ನನ್ನೊಡನೆ ಕನ್ನಡದಲ್ಲೇ ಮಾತಾಡಿದರು. ಇದು ಹೇಗೆ ಕರೆಯುತ್ತದೆ ಎಂದು ಕೇಳಿದರು. ಮಕ್ಕಳಿಗೆ ಹೇಳುವ ಹಾಗೆಯೇ ಹೇಳಿದೆ. ಪಂಕ್ತಿ, ವಯಸ್ಸು, ಬಡಿಸುವವ. ಅವರಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಓಡಿಸಿದೆ. ಹೆಸರುಗಳು ಬಂದವು. ಅವರಿಗೆ ಇಂಗ್ಲಿಷ್ ಅಕ್ಷರ ಓದಲು ಬಾರದ್ದರಿಂದ ಒಂದೊಂದಾಗಿ ಓದಿ ಹೇಳಿದೆ. ಲೋಕಯ್ಯ ಎಂದೆ. ಅವರು ಮುಂದಕ್ಕೆ ಬಾಗಿದರು. ಮುಂದಿನ ಹೆಸರು ಕಡಬದ ಇನ್ನೊಬ್ಬ ಹುಡುಗನದು.  ಅದರ ಬದಲು ಚಿನ್ನಪ್ಪ ಎಂದು ಓದಿಬಿಡಬಹುದಿತ್ತು, ಅವರಿಗೆ ಗೊತ್ತಾಗುತ್ತಿರಲಿಲ್ಲ. ಮಾವ ಕೆಮ್ಮಿದ್ದು ಅದಕ್ಕೇ ಇರಬೇಕು. ನನ್ನಿಂದಾಗಲಿಲ್ಲ.

ಇನ್ನೊಮ್ಮೆ ಓಡಿಸಿದೆ, ಮತ್ತೂ ಒಮ್ಮೆ. ಹುಡುಕಿಸಿ ತೋರಿಸಿದೆ, ಅವನು ಒಳಗಿದ್ದಾನೆ ನೋಡಿ ಎಂದೆ. ಇದು ನಾನು ಬರೆದದ್ದರಲ್ಲಿರುವ ದೋಷ, ಬೇರೆ ಎಂತದೂ ಅಲ್ಲ ಎಂದೆ. ಎಲ್ಲಿ ದೋಷ ಉಂಟು ತೋರಿಸಿ ಎಂದು ಅವರು ತುಂಬ ಮೆದುವಾಗಿ ಕೇಳಿದರು. ನನಗೆ ತೋರಿಸಲು ಬರಲಿಲ್ಲ.

 ಪೂವಕ್ಕ ಹೇಳಿದರು, “ಎಲೆ ಹಾಕಿದ್ದು ನೀವು. ಎಲೆ ಉಂಟು. ಆದರೆ ಬಡಿಸುವವ ನಿಲ್ಲುದಿಲ್ಲ. ಅಂದರೆ ಎಲೆಯ ಮುಂದೆ ಜನ ಇಲ್ಲ ಮಾಷ್ಟ್ರೆ. ಅವ ಇವರೊಟ್ಟಿಗೆ ಕೂತಿಲ್ಲ.”

ಎದ್ದು ನಿಂತು ಮಾವನಿಗೆ ಕೈ ಮುಗಿದರು. ನಿಮ್ಮ ಮಗಳಿಗೆ ಬೇರೆ ಗಂಡು ನೋಡಿ, ಬದುಕಿದ್ದವನನ್ನು ಕೊಡಲಿಕ್ಕೆ ಆಗುದಿಲ್ಲ ಎಂದರು. ಬಾಗಿಲ ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುವಾಗ ಅವರ ಮುಖ ಕಂಡಿತು. ಬರುವಾಗ ಇದ್ದ ಮುಖ ಅಲ್ಲ ಅದು. ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು. ಮಾವ ಕುರ್ಚಿಯಲ್ಲಿ ಕುಸಿದು ಕೂತಿದ್ದರು.

ಸೋಮವಾರ ಬೆಳಿಗ್ಗೆ ನಾನು ಮತ್ತೆ ಯಂತ್ರದ ಮುಂದೆ ಕೂತೆ. ಪ್ರೋಗ್ರಾಮು ಓಡಿಸುವ ಅಪ್ಪಣೆ ಟೈಪು ಮಾಡಿದೆ. ಕೊನೆಯ ಕೀಲಿ ಒತ್ತಬೇಕು, ಅಷ್ಟೆ. ಒತ್ತಲಿಲ್ಲ. ಹೆಸರು ಬಂದುಬಿಟ್ಟರೆ ಮರ್ಕಂಜಕ್ಕೆ ಹೋಗಿ ಆ ಹೆಂಗಸಿಗೆ ಹೇಳಬೇಕಾಗುತ್ತದೆ. ಬರದಿದ್ದರೆ ನನ್ನ ತಲೆಯೊಳಗೆ ಇಷ್ಟು ವರ್ಷ ಕಟ್ಟಿಕೊಂಡದ್ದನ್ನು ಒಡೆಯಬೇಕಾಗುತ್ತದೆ. ಎರಡೂ ಬೇಡವೆನಿಸಿತು. ಫ್ಲಾಪಿ ತೆಗೆದು ಕಪಾಟಿನಲ್ಲಿಟ್ಟು ಅಂಕಪಟ್ಟಿಗೆ ಮರಳಿದೆ.

ಮಾವನಿಗೆ ಕಡಬದಲ್ಲಿ ಸಂಬಂಧ ಕುದುರಿತು. ಯಮುನಾಳ ಧಾರೆಯಾಯಿತು. ಅದೇ ವರ್ಷ ಸುಮತಿಗೂ ಮದುವೆಯಾಯಿತು. ಅದಕ್ಕೆ ಕಾರಣ ಏನೆಂದು ಮಾವನಿಗೆ ಸಂಶಯವಿರಲಿಲ್ಲ. ಹುಡುಗ ಒಳ್ಳೆಯವನು, ಕಾರಣ ಅದು ಎಂದು ನಾನು. ಪೂವಕ್ಕ ಸುಳ್ಯಕ್ಕೆ ಬಂದಾಗ ಕೆಲವೊಮ್ಮೆ ಕಾಲೇಜಿನ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಹಲಸಿನ ಹಪ್ಪಳವೋ ಬಾಳೆಕಾಯಿಯೋ ತಂದುಕೊಡುತ್ತಿದ್ದರು. ಮಗನಿಗೆ ಕಾಯುವುದರಲ್ಲಿ ಅವರಿಗೆ ಒಂದು ಉತ್ಸಾಹ ಬಂದಿತ್ತು. ಗದ್ದೆಯಲ್ಲಿ ತಮ್ಮ ಪಾಲನ್ನು ಮೈದುನರಿಗೆ ಬರೆದುಕೊಡದೆ ಅವನ ಹೆಸರಿಗೆಂದು ಇಟ್ಟಿದ್ದಾರೆಂದು ಕೇಳಿದೆ. ಯಂತ್ರದ ಮಾತನ್ನು ಮಾತ್ರ ಅವರು ಎತ್ತುತ್ತಿರಲಿಲ್ಲ. ನಾನೂ ಎತ್ತುತ್ತಿರಲಿಲ್ಲ. ಅವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ನನ್ನದೊಂದು ತಪ್ಪು ಸಾಲಿನ ಮೇಲೆ ಈ ಹೆಂಗಸು ಬದುಕು ಕಟ್ಟಿಕೊಂಡಿದ್ದಾರೆಯೇ ಎಂಬ ಸಂಕಟ.

ಎರಡು ಮಳೆಗಾಲ ಕಳೆಯಿತು. ಅವರಿಗೆ ಹುಷಾರಿಲ್ಲ, ಏಳುವ ಹಾಗೆ ಕಾಣುವುದಿಲ್ಲ ಎಂದು ಮಾವ ಹೇಳಿ ಕಳಿಸಿದರು. ನೋಡಲು ಹೋದೆ. ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು, ಕೂದಲೆಲ್ಲ ಉದುರಿ ತಲೆ ಪುಟ್ಟದಾಗಿತ್ತು. ನನ್ನನ್ನು ಗುರುತಿಸಿ, ಮೈದುನನ ಹೆಂಡತಿಯನ್ನು ಚಾ ಮಾಡಲು ಕಳಿಸಿದರು. ಆಮೇಲೆ ತಮಗೆ ಬೇಕಾದ್ದನ್ನು ಕೇಳಿದರು.

“ಇನ್ನೊಮ್ಮೆ ಕರೆದು ನೋಡಿ ಮಾಷ್ಟ್ರೆ. ಹೆಸರು ಬಂದರೆ ನನಗೆ ಅಲ್ಲಿ ಸಿಕ್ತಾನೆ. ಬಾರದಿದ್ದರೆ ಇಲ್ಲಿ ಎಲ್ಲಿಯಾದರೂ ಇದ್ದಾನೆ. ನನಗೆ ಎರಡೂ ಆದೀತು. ಗೊತ್ತಾಗದೆ ಹೋಗುದು ಮಾತ್ರ ಬೇಡ.”

ಎರಡೂ ಆದೀತು ಎಂಬ ಮಾತು ನನಗೆ ಧೈರ್ಯ ಕೊಟ್ಟಿತು. ಇಷ್ಟು ಕಾಲ ನಾನು ಹೆದರಿದ್ದ ಎರಡು ಬಾಗಿಲನ್ನೂ ಅವರೇ ತೆರೆದಿಟ್ಟಂತಾಯಿತು. ಸುಳ್ಯಕ್ಕೆ ಬಂದವನೇ ಕಪಾಟು ತೆಗೆದೆ. ಫ್ಲಾಪಿಗೆ ನಮ್ಮ ಊರಿನ ಬೂಷ್ಟು ಹಿಡಿದಿತ್ತು, ಯಂತ್ರ ಅದನ್ನು ಓದಲೇ ಇಲ್ಲ. ಆದರೆ ಮಕ್ಕಳಿಗೆ ತೋರಿಸಲೆಂದು ಹಿಂದೆ ಕಾಗದದಲ್ಲಿ ಅಚ್ಚು ಹಾಕಿಸಿದ್ದು ಇತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡು ಇಡೀ ಪ್ರೋಗ್ರಾಮನ್ನು, ಅದರೊಳಗಿನ ಹೆಸರುಗಳ ಸಮೇತ, ಅಕ್ಷರ ಅಕ್ಷರವಾಗಿ ಮತ್ತೆ ಟೈಪು ಮಾಡಿದೆ. ಎಲ್ಲಿಯೂ ನನ್ನ ಬುದ್ಧಿ ಉಪಯೋಗಿಸಲಿಲ್ಲ. ತಿದ್ದಬೇಕೆನಿಸಿದ ಕಡೆಯಲ್ಲೂ ಕೈ ಬಿಗಿಹಿಡಿದೆ. ಮರುದಿನ ಬೆಳಿಗ್ಗೆ ಓಡಿಸಿದೆ.

ಶೇಷಪ್ಪ ಬಂದ. ಲೋಕಯ್ಯ ಬಂದ. ಅವನ ಕೆಳಗೆ ಚಿನ್ನಪ್ಪ, ಮರ್ಕಂಜ. ಆಮೇಲೆ ಉಳಿದವರು.

ಎಷ್ಟು ಸಲ ಓಡಿಸಿದರೂ ಬಂದ. ಏನೂ ಆಗದವನಂತೆ ತನ್ನ ಜಾಗದಲ್ಲಿ ಬಂದು ನಿಂತ. ಮೊದಲು ನನಗಾದದ್ದು ಸಂತೋಷ, ಇದನ್ನು ಮುಚ್ಚಿಡುವುದಿಲ್ಲ. ಲೆಕ್ಕ ಸರಿಬಂದಾಗ ಆಗುವ ಸಂತೋಷ. ಅದು ಏನು ಹೇಳುತ್ತಿದೆ ಎಂಬುದು ತಲೆಗೆ ಹೋದದ್ದು ಸ್ವಲ್ಪ ತಡವಾಗಿ. ಆಗಲೂ ಎರಡೂ ಆದೀತು ಎಂಬ ಮಾತೇ ಕಿವಿಯಲ್ಲಿತ್ತು. ಮಗ ಸಿಗುತ್ತಾನೆ ಎಂದು ಆ ಜೀವಕ್ಕೆ ಹೇಳಿ ಕಳಿಸಿಕೊಡೋಣ ಎಂದುಕೊಂಡು ಮಧ್ಯಾಹ್ನದ ಜೀಪಿನಲ್ಲಿ ಮರ್ಕಂಜಕ್ಕೆ ಹೋದೆ.

ಅವರಿಗೆ ಎಚ್ಚರವಿತ್ತು. ಬಂತು ಎಂದೆ. ಯಾರ ನಂತರ ಎಂದು ಕೇಳಿದರು. ಲೋಕಯ್ಯನ ನಂತರ ಎಂದೆ. ಹೂಂ ಎಂದರು. ನಾನು ಇನ್ನೇನೋ ಸಮಾಧಾನದ ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹರಿಯತೊಡಗಿತು. ಒರೆಸಿಕೊಳ್ಳಲಿಲ್ಲ.

“ಎರಡೂ ಆಗುದಿಲ್ಲ ಮಾಷ್ಟ್ರೆ,” ಎಂದರು. “ಒಂದೇ ಆಗುದು ನನಗೆ. ಕೇಳುವಾಗ ಗೊತ್ತಾಗಲಿಲ್ಲ.”

ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಹೊರಡುತ್ತೇನೆ ಎಂದಾಗಲೂ ತಿರುಗಲಿಲ್ಲ. ಆ ವಾರ ಕಳೆಯುವ ಮೊದಲೇ ತೀರಿಕೊಂಡರು. ಅಷ್ಟು ದಿನ ಯಾರ ಮಾತಿಗೂ ಮಗನ ಕ್ರಿಯೆ ಮಾಡಗೊಡದಿದ್ದವರು ಹೋಗುವ ಮೊದಲು ಮೈದುನರನ್ನು ಕರೆದು, ತನ್ನದರ ಜೊತೆಗೆ ಅವನದ್ದೂ ಮಾಡಿಬಿಡಿ ಎಂದು ಹೇಳಿದ್ದರಂತೆ. ಹಾಗೆ ತಾಯಿ ಮಗ ಇಬ್ಬರಿಗೂ ಒಟ್ಟಿಗೇ ಉತ್ತರಕ್ರಿಯೆ ಆಯಿತು. ನಾನು ಹೋಗಿದ್ದೆ. ಎರಡು ಪಿಂಡ ಇಡುವುದನ್ನು ನೋಡುತ್ತಾ ನಿಲ್ಲಲಾಗದೆ ಗದ್ದೆಯ ಬದಿಗೆ ನಡೆದುಹೋದೆ.

ಆಮೇಲೆ ಆ ಹಳೆಯ ಕಾಗದವನ್ನೂ ಹೊಸದಾಗಿ ಅಚ್ಚು ಹಾಕಿಸಿದ್ದನ್ನೂ ಪಕ್ಕಪಕ್ಕ ಇಟ್ಟು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಂದು ಚುಕ್ಕೆಯ ವ್ಯತ್ಯಾಸವಿಲ್ಲ. ನನಗಿಂತ ಬುದ್ಧಿವಂತರಿಗೆ ಯಾರ ಹೆಸರುಗಳೆಂದು ಹೇಳದೆ ತೋರಿಸಿದ್ದೇನೆ. ಯಂತ್ರದ ನೆನಪಿನ ಯಾವುದೋ ಮೂಲೆ ಆಗ ಕೆಟ್ಟಿತ್ತೇನೋ ಎಂದು ಒಬ್ಬರು, ಆ ಕಾಲದ ಭಾಷೆಯ ಮೊದಲ ಆವೃತ್ತಿಗಳಲ್ಲಿ ದೋಷವಿತ್ತೇನೋ ಎಂದು ಇನ್ನೊಬ್ಬರು. ಇರಬಹುದು. ಆದರೆ ದೋಷಕ್ಕೆ ಅಷ್ಟೊಂದು ಜನರ ನಡುವೆ ಅವನೇ ಯಾಕೆ ಬೇಕಾಗಿತ್ತು?

ಚಿನ್ನಪ್ಪನ ಸುದ್ದಿ ಇಂದಿನವರೆಗೂ ಇಲ್ಲ. ಒಂದೇ ಪ್ರೋಗ್ರಾಮು ಎರಡು ಸಲ ಎರಡು ಮಾತು ಹೇಳಿತು. ಒಂದು ಸುಳ್ಳಾಗಿರಬಹುದು. ಮೊದಲನೆಯದು ಸುಳ್ಳಾದರೆ, ಇಲ್ಲದ ಮಗನಿಗೆ ಆ ತಾಯಿ ಎರಡು ವರ್ಷ ಸುಮ್ಮನೆ ಕಾದರು. ಎರಡನೆಯದು ಸುಳ್ಳಾದರೆ, ಎಲ್ಲೋ ಬದುಕಿರುವವನಿಗೆ ನನ್ನ ಮಾತಿನ ಮೇಲೆ ಪಿಂಡ ಇಟ್ಟಾಯಿತು. ಎರಡೂ ನಿಜವೇ ಆಗಿದ್ದರೆ, ಆ ಎರಡು ಮಳೆಗಾಲಗಳ ನಡುವೆ ಯಾವುದೋ ಊರಿನಲ್ಲಿ ಅವನು ಒಬ್ಬನೇ ಸತ್ತಿದ್ದಾನೆ. ಮೂರರಲ್ಲಿ ಯಾವುದೆಂದು ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವಂತೆಯೂ ಇಲ್ಲ. ಗೋಡೆಯ ಕಡೆ ತಿರುಗಿ ಮಲಗಿದ ಆ ಬೆನ್ನು ಮಾತ್ರ ಕಣ್ಣೆದುರಿಗಿದೆ. ಬರಲಿಲ್ಲ ಪೂವಕ್ಕ, ಈ ಸಲವೂ ಬರಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಆ ಬೆನ್ನು ನನ್ನ ಕಡೆ ತಿರುಗುತ್ತಿತ್ತು.